ಸ್ಟಾಫನ್ನು ಬಿಟ್ಟು ಎಣಿಸಿದ ಹಕ್ಕಿಗಳು

ಅಪ್ಪ ಹೋಟೆಲಿನ ಮ್ಯಾನೇಜರ್ ಆಗಿದ್ದಷ್ಟು ಕಾಲ ಒಂದೇ ಒಂದು ಹಕ್ಕಿಯನ್ನೂ ಕತ್ತೆತ್ತಿ ನೋಡಿದವರಲ್ಲ. ಕೋಪರಿಯಲ್ಲಿ, ಠಾಣೆ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಐದು ನಿಮಿಷದ ದಾರಿ, ಅಲ್ಲಿದ್ದ ಸಸ್ಯಾಹಾರಿ ಹೋಟೆಲಿನಲ್ಲಿ ಅವರು ನೋಡಿದ್ದೆಲ್ಲ ಮನುಷ್ಯರ ತಲೆಗಳನ್ನು. ಮಧ್ಯಾಹ್ನದ ಊಟದ ಹೊತ್ತಿಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಜನ ಕೂತ ಹಾಲ್‌ನ ಕಡೆ ಒಮ್ಮೆ ಕಣ್ಣು ಹಾಯಿಸಿ, ಒಳಗೆ ತಿರುಗಿ "ಅರವತ್ತೆರಡು!" ಎಂದು ಕೂಗುತ್ತಿದ್ದರು. ಆ ಒಂದು ಕೂಗಿನ ಮೇಲೆ ಅಡಿಗೆ ಭಟ್ಟರು ಅಕ್ಕಿ ಹಾಕುತ್ತಿದ್ದರು. ಶಾಲೆಯ ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ, ಅಪ್ಪನ ತಪ್ಪು ಹಿಡಿಯಲೇಬೇಕೆಂದು ಬೆರಳು ಮಡಚಿ ಎಣಿಸುತ್ತಿದ್ದೆ. ಐವತ್ತೆಂಟು ಬರುತ್ತಿತ್ತು. "ನೀನು ಎಣಿಸಿ ಮುಗಿಸುವಷ್ಟರಲ್ಲಿ ನಾಲ್ಕು ಜನ ಕೈ ತೊಳ್ದು ಹೋಗಿ ಆಯ್ತು ಮಾರಾಯ್ತಿ" ಎನ್ನುತ್ತಿದ್ದರು ಅಪ್ಪ. ನಿಜಕ್ಕೂ ಹೋಗಿರುತ್ತಿದ್ದರು.

ಅವರಿಗೆ ಇನ್ನೊಂದು ಚಾಳಿ ಇತ್ತು. ಕನ್ನಡವೋ ತುಳುವೋ ಆಡುವ ಗಿರಾಕಿ ಬಂದರೆ, ನೀರಿನ ಲೋಟ ಮೇಜಿಗೆ ಮುಟ್ಟುವ ಮೊದಲೇ "ಊರು ಯಾವುದು?" ಎಂದು ಕೇಳುವುದು. ಕಾಪು ಎಂದರೆ ಕಾಪುವಿನಲ್ಲಿ ಯಾರ ಮನೆಯ ಹತ್ತಿರ ಎಂದು ಮುಂದುವರಿಯುವುದು. ನಾನು ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಇದಕ್ಕೆ ನಾಚಿ ಸಾಯುತ್ತಿದ್ದೆ. ಗಿರಾಕಿಗಳು ಮಾತ್ರ ಇನ್ನೊಂದು ಲೋಟ ಕಾಫಿ ತರಿಸಿಕೊಂಡು ಉತ್ತರ ಹೇಳುತ್ತಿದ್ದರು.

ಆಮೇಲೆ ಆ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಯಿತು, ಹೋಟೆಲು ಮುಚ್ಚಿತು. ಅಪ್ಪ ಐರೋಲಿಯ ನಮ್ಮ ಫ್ಲಾಟಿನಲ್ಲಿ ಇಡೀ ದಿನ ಇರತೊಡಗಿದರು. ಅಪ್ಪ, ಅಮ್ಮ, ನಾನು, ಮನೆಯಲ್ಲಿ ನಾವು ಮೂವರೇ. ನಾನು ಬೆಳಿಗ್ಗೆ ಎದ್ದು ಆಫೀಸಿಗೆ ಹೋಗಿಬಿಡುತ್ತಿದ್ದೆ, ಕಷ್ಟವೆಲ್ಲ ಅಮ್ಮನಿಗೆ. ಅಪ್ಪ ನಾಲ್ಕಕ್ಕೆ ಎದ್ದು, ಸ್ನಾನ ಮಾಡಿ, ಬಿಳಿ ಶರ್ಟು ಹಾಕಿ ಅಡಿಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಸಾಂಬಾರಿಗೆ ಕೊತ್ತಂಬರಿ ಹೆಚ್ಚಾಯಿತು, ಚಟ್ನಿ ಇನ್ನೊಂದು ಸುತ್ತು ತಿರುಗಬೇಕಿತ್ತು ಎನ್ನುತ್ತಿದ್ದರು. ಮನೆಯಲ್ಲಿ ನಮ್ಮದು ತುಳು. ಅಮ್ಮ ಒಂದು ದಿನ ಆ ತುಳುವಿನಲ್ಲಿ ನನಗೆ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಇವರಿಗೆ ಎಲ್ಲಿಯಾದ್ರೂ ಒಂದು ಡ್ಯೂಟಿ ಹುಡುಕು. ಇಲ್ಲದಿದ್ರೆ ನಾನು ಈ ಮನೆಯ ಕೆಲಸಕ್ಕೆ ರಾಜೀನಾಮೆ ಕೊಡ್ತೇನೆ."

ನಾನು ನಕ್ಕೆ. ಆದರೆ ಅದೇ ವಾರ ಅಪ್ಪ ಫೋನಿನಲ್ಲಿ ಹಳೆಯ ಭಟ್ಟರ ಹತ್ತಿರ ಮಾತಾಡುವುದು ಕಿವಿಗೆ ಬಿತ್ತು. "ನಾನೀಗ ಎಂತದಕ್ಕೂ ಇಲ್ಲದವ, ಭಟ್ರೇ" ಎಂದರು. ತಮಾಷೆಯ ದನಿಯಲ್ಲೇ ಹೇಳಿದರು. ಇವರಿಗೆ ಮತ್ತೆ ಒಂದು ಕೆಲಸ, ನಾಲ್ಕು ಜನ "ನೀವು ಬನ್ನಿ" ಎಂದು ಕರೆಯುವಂಥ ಒಂದು ಕೆಲಸ ಸಿಗದಿದ್ದರೆ ಇವರು ನನ್ನ ಕಣ್ಣೆದುರೇ ಮುದುಕರಾಗಿಬಿಡುತ್ತಾರೆ ಎಂದು ಹೆದರಿದೆ.

ಆ ಕೆಲಸ ಸಿಕ್ಕಿದ್ದು ಠಾಣೆ–ವಾಶಿ ಲೋಕಲಿನಲ್ಲಿ. ವರ್ತಕ ನಗರದಲ್ಲಿರುವ, ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವ, ಮರಾಠಿಯವರಾದ ಟೀಚರ್ ಒಬ್ಬರು ನನಗೆ ಟ್ರೇನಿನ ಪರಿಚಯ. ಚಳಿಗಾಲ ಬಂತೆಂದರೆ ಅವರೂ ಅವರ ಗೆಳೆಯರೂ ಸಮುದ್ರದ ನೀರು ಒಳನುಗ್ಗುವ ಐರೋಲಿಯ ಖಾಡಿಯ ದಂಡೆಯಲ್ಲಿ ಹಕ್ಕಿ ಎಣಿಸುತ್ತಾರೆ. ಎಣಿಸುವವರು ಸಾಲುವುದಿಲ್ಲ ಎಂದು ಅವರು ಗೊಣಗಿದ್ದೇ ತಡ, "ನಮ್ಮಪ್ಪ ಇದ್ದಾರಲ್ಲ" ಎಂದುಬಿಟ್ಟೆ. ಹಕ್ಕಿಯ ಜ್ಞಾನ ಎಷ್ಟಿದೆ ಎಂದು ಕೇಳಿದರು. ಏನೂ ಇಲ್ಲ ಎಂದೆ. ಅಂಥವರೇ ವಾಸಿ, ವಾದ ಮಾಡುವುದಿಲ್ಲ ಎಂದರು. ಅಪ್ಪ ಎಂಥವರೆಂದು ಅವರಿಗೆ ಗೊತ್ತಿರಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಅಪ್ಪನನ್ನು ಎಳೆದುಕೊಂಡು ಹೋದೆ. ಸೇತುವೆಯ ಹತ್ತಿರ ರಸ್ತೆ ಬಿಟ್ಟು, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಹತ್ತು ನಿಮಿಷ ನಡೆದರೆ ಮಣ್ಣಿನ ಒಂದು ಏರಿ, ಅದರಾಚೆ ಕೆಸರು. ನೀರು ಇಳಿದಿತ್ತು. ಅಲ್ಲಿ ಟೀಚರ್ ಜೊತೆ ಕಲ್ಯಾಣದಿಂದ ಬಂದ, ಲೋಕಲ್ ಟ್ರೇನು ಓಡಿಸಿ ನಿವೃತ್ತರಾದ ಮೋಟರ್‌ಮನ್ ಒಬ್ಬರು ಮೂರು ಕಾಲಿನ ದುರ್ಬೀನು ಹೂಡಿ, ಕೈಯಲ್ಲಿ ಟಿಕ್ ಟಿಕ್ ಎನ್ನುವ ಎಣಿಕೆಯ ಯಂತ್ರ ಒತ್ತುತ್ತ ನಿಂತಿದ್ದರು. ಕೆಸರಿನ ಉದ್ದಕ್ಕೂ ಗುಲಾಬಿ ಬಣ್ಣದ ರಾಜಹಂಸಗಳು. ಈ ಊರಿನ ಬಾಯಲ್ಲಿ ಅವು ಫ್ಲೆಮಿಂಗೊ. ಅಪ್ಪ ಒಮ್ಮೆ ಎಡದಿಂದ ಬಲಕ್ಕೆ ಕಣ್ಣು ಹಾಯಿಸಿ "ಚಾರ್‌ಸೌ ದಸ್" ಎಂದರು, ನಾನೂರ ಹತ್ತು.

ಮೋಟರ್‌ಮನ್ ತಿರುಗಿಯೂ ನೋಡಲಿಲ್ಲ. ಹತ್ತು ನಿಮಿಷ ಟಿಕ್ ಟಿಕ್ ಮಾಡಿ, ಯಂತ್ರ ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ನಾನೂರ ಏಳು.

"ತೀನ್ ಲೋಗ್ ಉಠ್ ಕೇ ಚಲೇ ಗಯೇ ಹೋಂಗೇ" ಎಂದರು ಅಪ್ಪ ಸ್ವಲ್ಪವೂ ನಗದೆ, ಮೂರು ಜನ ಎದ್ದು ಹೋಗಿರಬೇಕು ಎಂದು.

"ಅಣ್ಣಾ, ತುಮ್ಹೀ ಕಾಯ್ ಕಾಮ್ ಕರತ್ ಹೋತಾತ್?" ಎಂದು ಮೋಟರ್‌ಮನ್ ಕೇಳಿದರು, ನೀವು ಏನು ಕೆಲಸ ಮಾಡುತ್ತಿದ್ದಿರಿ ಎಂದು. ಇಲ್ಲಿಯವರಿಗೆ ಉಡುಪಿ ಕಡೆಯ ಹೋಟೆಲಿನವರೆಲ್ಲ ಅಣ್ಣನೇ, ಕೇಳುವ ಮೊದಲೇ ಅವರಿಗೆ ಅರ್ಧ ಉತ್ತರ ಗೊತ್ತಾಗಿತ್ತೆಂದು ಕಾಣುತ್ತದೆ. ಅಪ್ಪ ಹೋಟೆಲಿನ ಹೆಸರು ಹೇಳಿದರು. ಮೋಟರ್‌ಮನ್ ಹಣೆ ಹಣೆ ಬಡಿದುಕೊಂಡರು. ಠಾಣೆಯಲ್ಲಿ ಡ್ಯೂಟಿ ಮುಗಿದಾಗಲೆಲ್ಲ ಅವರು ಅಲ್ಲಿ ರವಾ ದೋಸೆ ತಿಂದವರಂತೆ. ಇಬ್ಬರ ಸ್ನೇಹಕ್ಕೆ ಮತ್ತೇನೂ ಬೇಕಾಗಲಿಲ್ಲ.

ಅಂದಿನಿಂದ ಅಪ್ಪನ ಹಳೆಯ ಚಾಳಿ ಹೊಸ ಗಿರಾಕಿಗಳ ಮೇಲೆ ತಿರುಗಿತು. ಯಾವ ಹಕ್ಕಿ ತೋರಿಸಿದರೂ ಹೆಸರಿಗಿಂತ ಮೊದಲು ಅದರ ಊರು ಕೇಳುತ್ತಿದ್ದರು. ಫ್ಲೆಮಿಂಗೊಗಳಲ್ಲಿ ಹೆಚ್ಚಿನವು ಕಛ್‌ನ ಕಡೆಯವು. ಕಂದು ತಲೆಯ ಕಡಲಹಕ್ಕಿಗಳು ಹಿಮಾಲಯದಾಚೆಯ ಸರೋವರಗಳವು. ಉದ್ದ ಕೊಕ್ಕಿನ ಗಾಡ್ವಿಟ್‌ಗಳು ಸೈಬೀರಿಯಾದವು ಎಂದಾಗ ಅಪ್ಪ ಬಾಯಿ ತೆರೆದು ನಿಂತರು. "ಅಷ್ಟು ದೂರ, ಅದೂ ವಿದೌಟ್ ಟಿಕೆಟ್!" ಎಂದು ಮೋಟರ್‌ಮನ್ ಸಿಟ್ಟು ಬಂದವರಂತೆ ನಟಿಸಿದರು.

ಜಗತ್ತಿನಲ್ಲಿ ಒಟ್ಟು ಎಷ್ಟು ಜಾತಿಯ ಹಕ್ಕಿಗಳಿವೆ ಎಂದು ಅಪ್ಪ ಟೀಚರನ್ನು ಕೇಳಿದರು. ಹತ್ತು ಸಾವಿರಕ್ಕೂ ಹೆಚ್ಚು ಎಂದು ಅವರು ಹೇಳಿದಾಗ ಅಪ್ಪ ನನ್ನ ಕಡೆ ತಿರುಗಿದರು. "ಹತ್ತು ಸಾವಿರ ಐಟಮ್! ನಮ್ಮ ವೇಟರ್‌ಗಳು ಎಂಬತ್ತು ಹೇಳ್ಲಿಕ್ಕೆ ಉಸಿರು ಬಿಡ್ತಿದ್ರು." ಆಮೇಲೆ ತುಂಬ ಹೊತ್ತು ದುರ್ಬೀನಿಗೆ ಕಣ್ಣಿಟ್ಟು ಕೊಕ್ಕುಗಳನ್ನೇ ನೋಡಿದರು. ಗಾಡ್ವಿಟ್ ಕೆಸರಿನ ಆಳಕ್ಕೆ ಕೊಕ್ಕು ಇಳಿಸುತ್ತಿತ್ತು. ಸಣ್ಣ ಉಲ್ಲಂಕಿ ಮೇಲುಮೇಲೆ ಹೆಕ್ಕುತ್ತಿತ್ತು. ಫ್ಲೆಮಿಂಗೊ ತಲೆ ಬುಡಮೇಲು ಮಾಡಿ ನೀರು ಸೋಸುತ್ತಿತ್ತು. ಮೇಲಕ್ಕೆ ಬಾಗಿದ ಕೊಕ್ಕಿನ ಅವೊಸೆಟ್ ನೀರನ್ನು ಅತ್ತಿತ್ತ ಸವರುತ್ತಿತ್ತು. "ನೋಡು, ಒಂದೇ ಹಾಲ್. ಆದ್ರೆ ಒಬ್ಬ ತಿನ್ನುವುದು ಇನ್ನೊಬ್ಬನಿಗೆ ಬೇಡ. ಹಾಗಾಗಿ ಜಗಳ ಇಲ್ಲ" ಎಂದರು. ಟೀಚರ್ ಇದನ್ನು ತಮ್ಮ ತರಗತಿಯಲ್ಲಿ ಹೇಳುತ್ತೇನೆಂದು ಬರೆದುಕೊಂಡರು. ಅಪ್ಪನ ಎದೆ ಎರಡಂಗುಲ ಉಬ್ಬಿದ್ದನ್ನು ನಾನು ಕಂಡೆ, ಸಂತೋಷಪಟ್ಟೆ.

ಎಣಿಕೆ ಮುಗಿದ ಮೇಲೆ ಸೇತುವೆಯ ಕೆಳಗಿನ ಟಪರಿಯಲ್ಲಿ, ಒಂದು ಗೂಡಂಗಡಿಯಲ್ಲಿ, ಚಹಾ. ಅಪ್ಪ ಮುಂದೆ ಹೋಗಿ "ತೀನ್ ಕಟಿಂಗ್" ಹೇಳಿದರು, ಅರ್ಧ ಲೋಟದ ಮೂರು ಚಹಾ. ಮೂರು ಲೋಟಗಳನ್ನೂ ಒಂದೇ ಕೈಯಲ್ಲಿ ಹಿಡಿದು ತಂದು ನಮಗೆ ಕೊಟ್ಟು, ತಾವು ಪಕ್ಕದಲ್ಲಿ ಕೈಕಟ್ಟಿ ನಿಂತರು. "ನಂದು ಆಮೇಲೆ" ಎಂದರು. ಅದು ನನಗೆ ಹೊಸದಲ್ಲ. ಹೋಟೆಲಿನಲ್ಲಿ ಎಲ್ಲರದೂ ಆದ ಮೇಲೆ ಮ್ಯಾನೇಜರರದು. ನಾನು ಗಮನ ಕೊಡದೆ ಚಹಾ ಕುಡಿದೆ.

ಮನೆಯಲ್ಲಿ ಅಮ್ಮನಿಗೆ ಸಾಂಬಾರಿನ ಕಾಟ ತಪ್ಪಿ ಹಕ್ಕಿಗಳ ಕಾಟ ಹಿಡಿಯಿತು. ಅಪ್ಪ ಫೋನಿನಲ್ಲಿ ದೇಶದೇಶದ ಹಕ್ಕಿಗಳ ವೀಡಿಯೋ ನೋಡುವುದು, ಅಮ್ಮ ಕಾಯಿ ತುರಿಯುವಾಗ ಎದುರು ಕೂತು ವರದಿ ಒಪ್ಪಿಸುವುದು. ಹಿಂದಕ್ಕೂ ಹಾರುವ ಹೆಬ್ಬೆರಳಷ್ಟು ಹಕ್ಕಿಯೊಂದು ಅಮೆರಿಕದಲ್ಲಿ ಉಂಟು. ಹಾರಲಿಕ್ಕೇ ಬಾರದ, ಕುದುರೆಯ ಹಾಗೆ ಓಡುವ ಹಕ್ಕಿ ಆಫ್ರಿಕಾದಲ್ಲಿ ಉಂಟು. ಒಂದು ಸಂಜೆ ಹೇಳಿದರು: "ದಕ್ಷಿಣ ಧ್ರುವದಲ್ಲಿ ಒಂದು ಪೆಂಗ್ವಿನ್ ಉಂಟು. ಗಂಡು ಹಕ್ಕಿ ಮೊಟ್ಟೆಯನ್ನು ಕಾಲಿನ ಮೇಲೆ ಇಟ್ಟುಕೊಂಡು ಎರಡು ತಿಂಗಳು ಒಂದು ತುತ್ತೂ ತಿನ್ನದೆ ಹಿಮದಲ್ಲಿ ನಿಲ್ತದೆ, ಗೊತ್ತುಂಟಾ?"

"ಹೋಟೆಲ್ ಮ್ಯಾನೇಜರ್ ಆಗಿರ್ಬೇಕು" ಎಂದರು ಅಮ್ಮ, ತುರಿಯುವುದನ್ನು ನಿಲ್ಲಿಸದೆ.

ಜನವರಿಯ ದೊಡ್ಡ ಎಣಿಕೆ ಬಂತು. ಆ ದಿನ ಖಾಡಿಯ ಎರಡೂ ದಡಗಳಲ್ಲಿ ಹಲವು ತಂಡಗಳು ಒಂದೇ ಹೊತ್ತಿಗೆ ಎಣಿಸುತ್ತವೆ. ಟೀಚರ್ ಅಪ್ಪನಿಗೆ ಏರಿಯ ಬಡಗಣ ತುದಿಯನ್ನು ಪೂರ್ತಿಯಾಗಿ ಒಪ್ಪಿಸಿದರು. "ಕಾಕಾ, ಹೇ ತುಮ್ಚಂ" ಎಂದರು, ಇದು ನಿಮ್ಮದು. ಚೆನ್ನಾಗಿ ಆದರೆ ಇನ್ನು ಮುಂದೆ ತಿಂಗಳು ತಿಂಗಳು ಆ ತುದಿ ಅವರದೇ. ಅಪ್ಪ ಹಿಂದಿನ ದಿನವೇ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡು ಬಂದರು. ಕೆಸರಿಗೆ ಬಿಳಿ ಶರ್ಟು ಯಾಕೆ ಎಂದು ನಾನು ರೇಗಿದರೆ, "ಡ್ಯೂಟಿಗೆ ಬೇರೆ ಬಣ್ಣ ಹಾಕಿ ಗೊತ್ತಿಲ್ಲ ನನಗೆ" ಎಂದರು.

ಟೀಚರ್ ಮತ್ತು ಮೋಟರ್‌ಮನ್ ತೆಂಕಣ ತುದಿಗೆ ಹೋದರು. ಬಡಗಣದಲ್ಲಿ ಅಪ್ಪ ಹೇಳುವುದು, ನಾನು ಬರೆಯುವುದು. ನೀರು ಏರುತ್ತ ಹಕ್ಕಿಗಳನ್ನು ನಮ್ಮ ಕಡೆಗೆ ತಳ್ಳುತ್ತಿತ್ತು. ಅಪ್ಪ ಒಂದು ಕ್ಷಣ ತಡವರಿಸಲಿಲ್ಲ. ಗಾಡ್ವಿಟ್ ನೂರ ಎಂಬತ್ತು, ಅವೊಸೆಟ್ ಮೂವತ್ತಾರು, ಕಡಲಹಕ್ಕಿ ಇನ್ನೂರ ಹನ್ನೊಂದು. ಜಾತಿ ಗೊತ್ತಾಗದಿದ್ದರೆ ಕೊಕ್ಕು, ಕಾಲು, ನಡಿಗೆ ಹೇಳುತ್ತಿದ್ದರು, ನಾನು ಪುಸ್ತಕದಲ್ಲಿ ಹುಡುಕುತ್ತಿದ್ದೆ. ಎರಡು ಗಂಟೆಯಲ್ಲಿ ಹಾಳೆ ತುಂಬಿತು. ಬರೆದ ನನಗೂ ಅದರಲ್ಲಿ ಏನೂ ಕೊರತೆ ಕಾಣಲಿಲ್ಲ. ನಾನೂ ಅದೇ ಹೋಟೆಲಿನಲ್ಲಿ ಬೆಳೆದವಳು.

ಟಪರಿಯಲ್ಲಿ ಟೀಚರ್ ನಮ್ಮ ಹಾಳೆ ಓದುತ್ತ ತಲೆಯಾಡಿಸುತ್ತಿದ್ದವರು ಕೊನೆಯ ಸಾಲಿಗೆ ಬಂದು ನಿಂತರು. ಮತ್ತೆ ಮೇಲಿನಿಂದ ಓದಿದರು. "ಕಾಕಾ, ಕಾವಳಾ ಕುಠೇ ಆಹೇ?" ಎಂದರು. ಕಾಗೆ ಎಲ್ಲಿ?

ಕಾಗೆ ಇರಲಿಲ್ಲ. ಬೆಳ್ಳಕ್ಕಿ ಇರಲಿಲ್ಲ. ಮೈನಾ, ಹದ್ದು, ಮಿಂಚುಳ್ಳಿ, ಗುಬ್ಬಿ, ಯಾವುದೂ ಇರಲಿಲ್ಲ. ಆ ಕ್ಷಣದಲ್ಲೂ ಒಂದು ಕಾಗೆ ಟಪರಿಯ ಮಾಡಿನ ಮೇಲೆ ಕೂತು ನಮ್ಮ ಬಿಸ್ಕತ್ತಿನ ಮೇಲೆ ಕಣ್ಣಿಟ್ಟಿತ್ತು.

ಅಪ್ಪನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ವೋ ತೋ ಅಪ್ನಾ ಸ್ಟಾಫ್ ಹೈ ನಾ, ಮೇಡಮ್" ಎಂದರು. ಬಂದು ಹೋಗುವವರು ಗಿರಾಕಿಗಳು. ವರ್ಷವಿಡೀ ಇಲ್ಲೇ ಇರುವವರು ಸ್ಟಾಫು. ಹಾಲ್‌ನ ಎಣಿಕೆಯಲ್ಲಿ ಸ್ಟಾಫನ್ನು ಯಾರು ಸೇರಿಸುತ್ತಾರೆ?

ಮೋಟರ್‌ಮನ್ ನಕ್ಕ ರಭಸಕ್ಕೆ ಅವರ ಚಹಾ ಪ್ಯಾಂಟಿನ ಮೇಲೆ ಚೆಲ್ಲಿತು. ನನಗೂ ನಗು ತಡೆಯಲಾಗಲಿಲ್ಲ. ಟೀಚರೂ ನಕ್ಕರು, ಆದರೆ ಹಾಳೆಯನ್ನು ಮಡಚಿಟ್ಟರು. ಇದನ್ನು ಕಳಿಸಲಾಗುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಕಂಡ ಜಾತಿಗಳೆಲ್ಲ ಇದ್ದರೆ ಮಾತ್ರ ಹಾಳೆ ಉಪಯೋಗಕ್ಕೆ ಬರುತ್ತದೆ. "ಪಾಹುಣೆ ಯೇತಾತ್, ಜಾತಾತ್. ಘರಾತ್ಲೇ ಲೋಕ್ ಕಮೀ ಝಾಲೇ ತರ್ ಕುಣಾಲಾ ಕಳ್ಣಾರ್, ಕಾಕಾ?" ಎಂದರು. ನೆಂಟರು ಬರುತ್ತಾರೆ, ಹೋಗುತ್ತಾರೆ. ಮನೆಯವರೇ ಕಡಿಮೆಯಾದರೆ ಯಾರಿಗೆ ತಿಳಿಯುತ್ತದೆ? ಮಳೆಗಾಲದಲ್ಲೂ ಬೇಸಿಗೆಯಲ್ಲೂ ಈ ಖಾಡಿಯ ನೀರನ್ನೇ ನಂಬಿ ಬದುಕುವ ಬೆಳ್ಳಕ್ಕಿ, ಮಿಂಚುಳ್ಳಿಗಳ ಸಂಖ್ಯೆಯೇ ಖಾಡಿ ಹೇಗಿದೆ ಎಂದು ಹೇಳುವುದು ಎಂದು ವಿವರಿಸಿದರು. ಎಣಿಕೆಗೆ ಮರುದಿನ ಬೆಳಿಗ್ಗೆಯವರೆಗೂ ಅವಕಾಶವಿತ್ತು. ಬಡಗಣ ತುದಿಗೆ ಬೇರೆ ಯಾರನ್ನಾದರೂ ಕಳಿಸಿ ನೋಡುತ್ತೇನೆ, ನೀವು ಬೇಸರ ಮಾಡಿಕೊಳ್ಳಬೇಡಿ ಎಂದರು. ಅವರ ಮಾತಿನಲ್ಲಿ ಕಹಿ ಇರಲಿಲ್ಲ. ಆದರೂ ಅಪ್ಪನ ಮುಖ ನೋಡಿ ನನಗೆ ಅವರ ಮೇಲೆ ವಿನಾ ಕಾರಣ ಸಿಟ್ಟು ಬಂತು.

ಮನೆಯವರೆಗೂ ಅಪ್ಪ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು. ಮುಗಿಯಿತು, ಇನ್ನು ಬರುವುದಿಲ್ಲ ಎಂದುಕೊಂಡೆ. ನಾಳೆಯಿಂದ ಮತ್ತೆ ಅಡಿಗೆಮನೆಯ ಬಾಗಿಲು, ಮತ್ತೆ "ಎಂತದಕ್ಕೂ ಇಲ್ಲದವ." ಊಟಕ್ಕೆ ಕೂತಾಗ ನಡೆದದ್ದನ್ನೆಲ್ಲ ಅಮ್ಮನಿಗೆ ನಾನೇ ಹೇಳಿದೆ. ಅಮ್ಮ ನಗುತ್ತಾರೆ, ವಾತಾವರಣ ಹಗುರಾಗುತ್ತದೆ ಎಂದು ನನ್ನ ಲೆಕ್ಕಾಚಾರ. ಅಮ್ಮ ನಗಲಿಲ್ಲ.

"ಇವರ ಎಣಿಕೆ ಯಾವತ್ತೂ ಹಾಗೇ" ಎಂದರು. "ಭಾನುವಾರ ಮಸಾಲೆ ದೋಸೆ ಪಾರ್ಸೆಲ್ ತರ್ತಿದ್ರಲ್ಲ, ಎಷ್ಟು ಇರ್ತಿತ್ತು?"

"ಎರಡು" ಎಂದೆ. "ನಂದೊಂದು, ನಿಮ್ಮದೊಂದು. ಅಪ್ಪ ಹೋಟೆಲಲ್ಲೇ ತಿಂದು ಬರ್ತಿದ್ರು."

"ತಿಂದು ಬರ್ತಿದ್ರಾ? ನೀನು ಮಲಗಿದ ಮೇಲೆ ಗಂಜಿ ಕಾಯಿಸಿ ಬಡಿಸಿದವಳು ನಾನು."

ನಾನು ಅಪ್ಪನ ಮುಖ ನೋಡಿದೆ. ಅವರು ತಟ್ಟೆಯಲ್ಲಿ ಉಪ್ಪಿನಕಾಯಿಯ ಹೋಳನ್ನು ಈ ಕಡೆಯಿಂದ ಆ ಕಡೆಗೆ ಸರಿಸುತ್ತಿದ್ದರು. ಇಷ್ಟು ವರ್ಷ ನನಗೆ ಇದು ತಿಳಿಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ತಿಳಿಯಲು ನಾನು ಒಮ್ಮೆಯೂ ಎಣಿಸಿರಲಿಲ್ಲ. ಹಾಲ್‌ನಲ್ಲಿ ಅವರ ತಪ್ಪು ಹಿಡಿಯಲು ಬೆರಳು ಮಡಚುತ್ತಿದ್ದವಳು ಮನೆಯ ಮೂರು ತಟ್ಟೆಗಳನ್ನು ಎಣಿಸಿರಲಿಲ್ಲ.

"ಸ್ಟಾಫಿಗೆ ಮೂರು ಗಂಟೆಗೆ ಊಟ" ಎಂದರು ಅಪ್ಪ, ತಮಗೆ ತಾವೇ ಹೇಳಿಕೊಳ್ಳುವಂತೆ. "ಏನು ಉಳಿದಿರ್ತದೋ ಅದು. ಎಷ್ಟು ಜನ ಅಂತ ನಾನು ಯಾವತ್ತೂ ಕೂಗಿ ಹೇಳಿದ್ದಿಲ್ಲ." ಆಮೇಲೆ ನನ್ನನ್ನು ನೋಡಿದರು. "ನಾಳೆ ಎಷ್ಟು ಗಂಟೆಗೆ ನೀರು ಇಳಿಯುವುದು?"

ಮಾರನೆಯ ದಿನ ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿದೆ. ಬಡಗಣ ತುದಿಗೆ ಬೇರೆ ಯಾರನ್ನೂ ಕಳಿಸಬೇಡಿ ಎಂದು ಟೀಚರಿಗೆ ಹಿಂದಿನ ರಾತ್ರಿಯೇ ಫೋನ್ ಮಾಡಿದಾಗ ಅವರು ಶಾಲೆಗೆ ಹೋಗುವ ಮುಂಚೆ ತಾವೂ ಬರುತ್ತೇನೆಂದರು. ಮೋಟರ್‌ಮನ್‌ಗೆ ಯಾರು ಹೇಳಿದರೋ, ಅವರು ಕಲ್ಯಾಣದಿಂದ ಮೊದಲ ಲೋಕಲ್ ಹಿಡಿದು ನಮಗಿಂತ ಮುಂಚೆಯೇ ಏರಿಯ ಮೇಲೆ ಹಾಜರಿದ್ದರು. ಅಪ್ಪನದು ಮತ್ತೆ ಇಸ್ತ್ರಿಯ ಬಿಳಿ ಶರ್ಟು.

ಗಿರಾಕಿಗಳ ಎಣಿಕೆ ಬೇಗ ಮುಗಿಯಿತು. ಅಪ್ಪ ಬೆವರಿಳಿಸಿದ್ದು ಸ್ಟಾಫಿನ ಮುಂದೆ. ಸೈಬೀರಿಯಾದಿಂದ ಬಂದವರು ಸಾಲಾಗಿ ನಿಂತು ತಿನ್ನುತ್ತಾರೆ. ಕಾಗೆ ಒಂದು ಕಡೆ ನಿಂತರೆ ತಾನೆ! ಈಗ ಏರಿಯ ಮೇಲೆ, ಈಗ ಮೀನುಗಾರರ ದೋಣಿಯ ಮೇಲೆ, ಈಗ ಮೋಟರ್‌ಮನ್ನರ ಚೀಲದ ಮೇಲೆ. "ಈ ಕಕ್ಕೆಗಳನ್ನು ಎಣಿಸುವುದು ಅಡಿಗೆಮನೆಯ ಹುಡುಗರನ್ನು ಎಣಿಸಿದ ಹಾಗೇ ಉಂಟು" ಎಂದು ಅಪ್ಪ ತುಳುವಿನ ಕಾಗೆಯನ್ನು ನಡುವೆ ತಂದು ಬೈದರು. ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ನಲವತ್ತಮೂರು ಎಂದರು. ಆಮೇಲೆ ಬೆಳ್ಳಕ್ಕಿಗಳು. ಕಾಂಡ್ಲಾದ ನೆರಳಲ್ಲಿ ಕಲ್ಲಿನಂತೆ ಕೂತ ಕೊಳದ ಬಕಗಳು, ಪ್ರತಿಯೊಂದನ್ನೂ ಹುಡುಕಿ. ಒಂದು ಮಿಂಚುಳ್ಳಿ ವಿದ್ಯುತ್ ತಂತಿಯಿಂದ ನೀರಿಗೆ ನೆಗೆದು ನೀಲಿ ಬೆನ್ನು ತೋರಿಸಿದಾಗ ಅಪ್ಪ ಎಣಿಸುವುದನ್ನೇ ಮರೆತರು. "ಇದು ದಿನಾ ಇಲ್ಲೇ ಇರ್ತದಾ?" ಎಂದು ಕೇಳಿದರು. ದಿನಾ ಇಲ್ಲೇ ಎಂದರು ಟೀಚರ್. "ನಾನು ಸೈಬೀರಿಯಾ ನೋಡ್ತಾ ನಿಂತಿದ್ದೆ ಮಾರಾಯ್ತಿ" ಎಂದರು ನನಗೆ.

ಹಾಳೆಯ ಕೊನೆಗೆ ಒಂದು ಖಾಲಿ ಚೌಕ ಇರುತ್ತದೆ, ಎಣಿಸಿದವರು ಎಷ್ಟು ಜನ ಎಂದು ಬರೆಯಲು. ನಾನು ಪೆನ್ನು ಹಿಡಿದು "ಎಷ್ಟು ಜನ ಅಪ್ಪಾ?" ಎಂದೆ. ಅಭ್ಯಾಸದಂತೆ ಅವರ ಕಣ್ಣು ಎಡದಿಂದ ಬಲಕ್ಕೆ ಒಮ್ಮೆ ಹರಿಯಿತು. ಟೀಚರ್, ಮೋಟರ್‌ಮನ್, ನಾನು.

"ಮೂರು" ಎಂದರು.

ನಾನು ಬರೆಯಲಿಲ್ಲ. ಪೆನ್ನು ಹಾಗೇ ಹಿಡಿದು ಅವರನ್ನೇ ನೋಡುತ್ತ ನಿಂತೆ. ಅಪ್ಪ ಮತ್ತೊಮ್ಮೆ ಕಣ್ಣು ಹಾಯಿಸಿದರು. ಜೀವಮಾನದಲ್ಲಿ ಅವರು ಎರಡನೆಯ ಸಲ ಎಣಿಸಿದ್ದನ್ನು ನಾನು ಕಂಡಿದ್ದು ಅದೊಂದೇ ಬಾರಿ, ಕಾಗೆಗಳನ್ನು ಬಿಟ್ಟರೆ. ಆಮೇಲೆ ತಲೆ ತಗ್ಗಿಸಿ ತಮ್ಮ ಶರ್ಟನ್ನು, ಕೆಸರಾದ ಚಪ್ಪಲಿಯನ್ನು ನೋಡಿಕೊಂಡರು. ಟಪರಿಯ ಕಡೆ ನಡೆದರು. ನಾವು ಮೂವರೂ ಹಿಂದೆ ಹೋದೆವು.

ಮುಂದೆ ಹೋಗಿ ಕಟ್ಟೆಗೆ ಕೈಯೂರಿ, ಹೋಟೆಲಿನ ಹಳೆಯ ದನಿಯಲ್ಲಿ ಒಳಗೆ ಕೇಳುವಂತೆ ಕೂಗಿದರು.

"ಚಾರ್ ಕಟಿಂಗ್!"

ಮೂರು ಲೋಟಗಳನ್ನು ನಮಗೆ ಹಂಚಿದರು. ನಾಲ್ಕನೆಯದನ್ನು ಹಿಡಿದು, ಬೆಂಚಿನ ಮೇಲೆ ಮೋಟರ್‌ಮನ್ನರನ್ನು ಸ್ವಲ್ಪ ಸರಿಸಿ ಕೂತರು. ಬಿಸಿಬಿಸಿಯಾಗಿರುವಾಗಲೇ ಒಂದು ಗುಟುಕು ಕುಡಿದು, "ಸಕ್ಕರೆ ಹೆಚ್ಚಾಯ್ತು" ಎಂದರು. ನಾನು ಚೌಕದಲ್ಲಿ ನಾಲ್ಕು ಎಂದು ಬರೆದೆ.